ತಿರುಗಿ ಹೇಳುವ ಪಾಠ

ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಎಂಬ ಗಾದೆ ಕಟ್ಟಿದವರು ಸೈನಿಕರ ಹೆಂಡತಿಯರನ್ನು ಕಂಡವರಲ್ಲ. ಉಂಡು ಮಲಗಲು ಗಂಡ ಮನೆಯಲ್ಲಿರಬೇಕಲ್ಲ? ನಮ್ಮ ಕ್ಯಾಂಪಿನ ಗಂಡಂದಿರು ವರ್ಷಕ್ಕೆ ಎರಡು ತಿಂಗಳು ಮನೆಯಲ್ಲಿ, ಹತ್ತು ತಿಂಗಳು ಗಡಿಯಲ್ಲಿ. ಜಗಳ ಅರ್ಧಕ್ಕೆ ಬಂದಿರುತ್ತದೆ, ಅಷ್ಟರಲ್ಲಿ ರಜೆ ಮುಗಿದು ಟ್ರಕ್ಕು ಬಂದು ನಿಲ್ಲುತ್ತದೆ. ಉಳಿದರ್ಧವನ್ನು ಹೆಂಡತಿ ಹತ್ತು ತಿಂಗಳು ಒಬ್ಬಳೇ ಮನಸ್ಸಿನಲ್ಲಿ ಆಡುತ್ತಾಳೆ, ಗಂಡನ ಪಾಲಿನ ಮಾತನ್ನೂ ತಾನೇ ಆಡುತ್ತಾಳೆ, ಅವನು ಬಂದು ಬಾಗಿಲು ತಟ್ಟುವ ಹೊತ್ತಿಗೆ ಗೆದ್ದೂ ಆಗಿರುತ್ತದೆ. ಆ ಬಡಪಾಯಿಗೆ ಜಗಳ ಯಾವುದಕ್ಕೆ ಎಂಬುದೇ ಮರೆತುಹೋಗಿರುತ್ತದೆ.

ಇದಕ್ಕೊಂದು ಪಾಠ ಶುರುವಾಗುತ್ತದೆ, ಜೋಡಿಯಾಗಿ ಬಂದು ಕೂತು ಒಬ್ಬರ ಹತ್ತಿರ ಒಬ್ಬರು ಮಾತಾಡುವುದು ಹೇಗೆಂದು ಕಲಿಯಬೇಕು ಎಂಬ ಸುತ್ತೋಲೆ ಬಂದಾಗ ನಾನು ನಕ್ಕಿದ್ದೆ. ಮಾತಾಡುವುದನ್ನು ಎರಡು ವರ್ಷದ ಮಗುವೂ ಕಲಿತಿರುತ್ತದೆ, ಇವರಿಗೇನು ಪಾಠ ಎಂದಿದ್ದೆ. ನನ್ನ ನಾಲಿಗೆಯೇ ಹಾಗೆ. ಕತ್ತರಿಯ ಸಹವಾಸದಲ್ಲಿ ಇದ್ದೂ ಇದ್ದೂ ಅದಕ್ಕೂ ಸಾಣೆ ಹಿಡಿದಂತಾಗಿದೆ. ಆ ಪಾಠ ಹೇಳುತ್ತಿದ್ದ ಅಕ್ಕನ ಕಥೆಯನ್ನು ಈಗ ನಾನೇ ಬರೆಯಲು ಕೂತಿದ್ದೇನೆ. ನಗುವ ಹಕ್ಕು ಕಳೆದುಕೊಂಡು ನನಗೆ ನಾಲ್ಕು ವರ್ಷವಾಯಿತು.

ನಾನು ಕ್ಯಾಂಪಿನ ಹೊಲಿಗೆಯವಳು. ನನ್ನ ಗಂಡ ಇದೇ ಪಡೆಯ ದರ್ಜಿ. ಅವರು ತೀರಿಕೊಂಡ ಮೇಲೆ ಅವರ ಮೆಷಿನ್ನು, ಕತ್ತರಿ, ಅಳತೆ ಪುಸ್ತಕ ನನಗೆ ಬಂದವು. ಸೈನಿಕರ ಕುಟುಂಬದವರಿಗಾಗಿ ಇರುವ ಕೇಂದ್ರದಲ್ಲಿ ಹೆಂಗಸರಿಗೆ ಹೊಲಿಗೆ ಕಲಿಸುತ್ತೇನೆ, ಮಿಕ್ಕ ಹೊತ್ತು ಸಮವಸ್ತ್ರ ಬಿಗಿ ಮಾಡುವುದು, ಸಡಿಲ ಮಾಡುವುದು, ಗುಂಡಿ ಹಾಕುವುದು. ಕೇಂದ್ರವೆಂದರೆ ಹಿಂದೊಮ್ಮೆ ಉಗ್ರಾಣವಾಗಿದ್ದ ಉದ್ದನೆಯ ಕಟ್ಟಡ. ನಡುವೆ ಪ್ಲೈವುಡ್ಡಿನ ಅಡ್ಡಗೋಡೆ ಹಾಕಿ ಎರಡು ಕೋಣೆ ಮಾಡಿದ್ದಾರೆ. ಒಂದರಲ್ಲಿ ನನ್ನ ನಾಲ್ಕು ಮೆಷಿನ್ನು, ಇಸ್ತ್ರಿ ಮೇಜು. ಇನ್ನೊಂದರಲ್ಲಿ ಇಪ್ಪತ್ತು ಮಡಚುವ ಕುರ್ಚಿ, ಒಂದು ಕಪ್ಪು ಹಲಗೆ, ಶನಿವಾರ ಸಂಜೆ ನಾಲ್ಕರಿಂದ ಐದೂವರೆಯವರೆಗೆ ಅಕ್ಕ. ಪ್ಲೈವುಡ್ಡಿಗೆ ಗುಟ್ಟು ಗೊತ್ತಿಲ್ಲ. ಆ ಕಡೆ ನಿಟ್ಟುಸಿರು ಬಿಟ್ಟರೆ ಈ ಕಡೆ ಕೇಳುತ್ತದೆ.

ಅವಳನ್ನು ಕ್ಯಾಂಪಿಗೆ ಕ್ಯಾಂಪೇ ಪಾಠದಕ್ಕ ಎನ್ನುತ್ತಿತ್ತು. ದೊಡ್ಡ ಸಾಹೇಬರೂ ಹಾಗೇ ಕರೆಯುತ್ತಿದ್ದರು. ರೈಲ್ವೆ ಗೇಟಿನ ಕಾವಲುಗಾರನ ಮಗಳು. ಹಳಿಯ ಪಕ್ಕದ ಮನೆಯಲ್ಲಿ ಬೆಳೆದು, ರೈಲು ಹೋಗುವಾಗಲೂ ಮಾತು ನಿಲ್ಲಿಸದೆ, ಮಾಮೂಲಿ ಮಾತನ್ನೂ ಆಚೆ ಬೀದಿಗೆ ಕೇಳುವ ಹಾಗೆ ಆಡುವುದು ರೂಢಿಯಾಗಿತ್ತು. ಮದುವೆಗೆ ಮುಂಚೆ ಎರಡು ವರ್ಷ ಶಾಲೆಯಲ್ಲಿ ಪಾಠ ಹೇಳಿದ್ದಳು. ಮದುವೆಯಾದ ಮೇಲೆ ಹತ್ತೊಂಬತ್ತು ವರ್ಷದಲ್ಲಿ ಹನ್ನೊಂದು ಕ್ವಾರ್ಟರ್ಸು. ಒಂದರಲ್ಲೂ ಗೋಡೆಗೆ ಮೊಳೆ ಹೊಡೆಯುವಂತಿಲ್ಲ, ಅಪ್ಪಣೆ ಬೇಕು. "ನಂಗೆ ಬಂಗಲೆ ಬೇಡ ಕಣೇ. ಯಾರನ್ನೂ ಕೇಳದೆ ಮೊಳೆ ಹೊಡೆಯೋಕೆ ಒಂದು ಗೋಡೆ ಬೇಕು, ಸುತ್ತಿಗೆ ಎತ್ತಿ ಕೊಡೋಕೆ ಇವ್ರು ಪಕ್ಕದಲ್ಲಿರ್ಬೇಕು" ಎನ್ನುತ್ತಿದ್ದಳು. ಭಾವನ ಸೇವಾ ಅವಧಿ ಇನ್ನು ಎರಡೇ ವರ್ಷದಲ್ಲಿ ಮುಗಿಯುತ್ತಿತ್ತು. ಅವಳ ಆಸೆಯೆಲ್ಲ ಆ ಒಂದು ತಾರೀಖಿನ ಮೇಲಿತ್ತು.

ಭಾವ ಎಂದೆ. ಅವಳು ಅಕ್ಕನಾದ ಮೇಲೆ ಅವಳ ಗಂಡ ನನಗೆ ಭಾವನೇ. ಗಡಿಯ ಠಾಣೆಯಲ್ಲಿ ವೈರ್‌ಲೆಸ್ ಸೆಟ್ಟಿನ ಮುಂದೆ ಕೂರುವ ಕೆಲಸ. ಎತ್ತರದ ಮನುಷ್ಯ, ಕೆಳದನಿ. ಹೆಂಡತಿಯ ಮಾತಿನ ಮಳೆಗೆ ಕೊಡೆ ಬಿಚ್ಚದೆ ಸುಮ್ಮನೆ ನಿಂತು ನೆನೆಯುವ ಜಾತಿ.

ಅಕ್ಕ ಬಾಯಿಯುಳ್ಳವಳೆಂದು ದೊಡ್ಡ ಸಾಹೇಬರೇ ಅವಳನ್ನು ಆರಿಸಿ ಎರಡು ವಾರದ ತರಬೇತಿಗೆ ಕಳಿಸಿದ್ದರು. ಇಟ್ಟಿಗೆ ದಪ್ಪದ ಪುಸ್ತಕ ಹಿಡಿದು ವಾಪಸ್ ಬಂದಳು. ಅರ್ಧ ಓದಿ, ಮಿಕ್ಕರ್ಧಕ್ಕೆ ನಮ್ಮವರು ನಿದ್ದೆ ಹೋಗುತ್ತಾರೆಂದು ಪಕ್ಕಕ್ಕಿಟ್ಟಳು. ಉಳಿಸಿಕೊಂಡದ್ದರಲ್ಲಿ ಮುಖ್ಯವಾದದ್ದು ಒಂದೇ ಅಭ್ಯಾಸ. ನನ್ನ ಹತ್ತಿರ ದಾರ ಮುಗಿದ ಒಂದು ಮರದ ರೀಲು ಕೇಳಿ ಇಸಿದುಕೊಂಡಳು. ರೀಲು ಯಾರ ಕೈಯಲ್ಲಿದೆಯೋ ಅವರು ಮಾತ್ರ ಮಾತಾಡಬೇಕು. ಇನ್ನೊಬ್ಬರು ನಡುವೆ ಬಾಯಿ ಹಾಕಬಾರದು, ಸಮರ್ಥನೆ ಮಾಡಿಕೊಳ್ಳಬಾರದು. ಕೇಳಿ ಮುಗಿದ ಮೇಲೆ ಕೇಳಿಸಿಕೊಂಡದ್ದನ್ನು ತಿರುಗಿ ಹೇಳಬೇಕು. ಹೇಳಿದವರು "ಹೌದು, ನಾನು ಅಂದಿದ್ದು ಅದೇ" ಎಂದ ಮೇಲೆ ರೀಲು ಕೈ ಬದಲಾಗಬೇಕು. ಅಷ್ಟೇ.

ಕೇಳಲು ಸುಲಭ. ಮಾಡಲು ಕೂತಾಗ ನಮ್ಮ ಶೂರರ ಬಣ್ಣ ಬಯಲಾಗುತ್ತಿತ್ತು. ಎಲ್ಲರಿಗಿಂತ ಕಡೆಯ ಜೋಡಿ ಒಬ್ಬ ಟ್ರಕ್ ಡ್ರೈವರ್ ಮತ್ತು ಅವನ ಹೆಂಡತಿ. ಭಾವನ ಠಾಣೆಗೆ ಸಾಮಾನು ಸಾಗಿಸುವವನು ಅವನು. ಹೆಂಡತಿ "ನೀವು ಬಂದ ದಿನವೇ ಗೆಳೆಯರ ಮನೆಗೆ ಹೋದ್ರಿ, ನಂಗೆ ಬೇಜಾರಾಯ್ತು" ಎಂದರೆ ಅವನು ತಿರುಗಿ ಹೇಳಬೇಕಾದದ್ದು ಇಷ್ಟೇ ತಾನೆ? "ಗೆಳೆಯರ ಮನೆಗೆ ಯಾಕೆ ಹೋದೆ ಅಂದ್ರೆ..." ಎಂದು ಶುರುಮಾಡುತ್ತಿದ್ದ. ಅವಳು ರೀಲನ್ನು ಮೇಜಿಗೆ ಕುಟ್ಟುತ್ತಿದ್ದಳು. ಮೂರು ವಾರ ಕಳೆದರೂ ಒಂದು ವಾಕ್ಯ ನೆಟ್ಟಗೆ ತಿರುಗಿ ಬರಲಿಲ್ಲ. ಈ ಕಡೆ ನನ್ನ ಶಿಷ್ಯೆಯರು ಬಾಯಿಗೆ ಬಟ್ಟೆ ತುರುಕಿಕೊಂಡು ನಗುತ್ತಿದ್ದರು.

ಹೀಗಿರುವಾಗ ಜೂನ್ ತಿಂಗಳಲ್ಲಿ ಭಾವ ರಜೆಗೆ ಬಂದ. ಅಕ್ಕ ಅವನನ್ನು ಎಲ್ಲರ ಮುಂದೆ ಕುರ್ಚಿ ಹಾಕಿ ಕೂರಿಸಿದಳು. ಮಾಡಿ ತೋರಿಸುತ್ತೇನೆ, ನೋಡಿ ಕಲಿಯಿರಿ ಎಂದಳು. ರೀಲು ಹಿಡಿದು ಮಾತಾಡಿದಳು ನೋಡಿ, ನಾನು ಮೆಷಿನ್ನು ನಿಲ್ಲಿಸಿ ಕೇಳಿದೆ. ಎರಡು ವರ್ಷದ ಹಿಂದೆ ಅವಳ ತಾಯಿಗೆ ಆಪರೇಷನ್ ಆದಾಗ ಒಬ್ಬಳೇ ಆಸ್ಪತ್ರೆಯಲ್ಲಿ ಕೂತಿದ್ದು, ನರ್ಸಿಂಗ್ ಓದುವ ಮಗಳನ್ನು ಹಾಸ್ಟೆಲ್ಲಿಗೆ ಬಿಟ್ಟು ಖಾಲಿ ಮನೆಗೆ ಬಂದಿದ್ದು, ಬೀಗ ತೆಗೆಯಲು ಮನಸ್ಸಾಗದೆ ಮೆಟ್ಟಿಲ ಮೇಲೆ ಕೂತಿದ್ದು, ಎಲ್ಲ ಹೇಳಿದಳು. ಮೂರು ನಿಮಿಷವಾದರೂ ಹಿಡಿದಿರಬೇಕು. ಆಮೇಲೆ ಭಾವ ತಿರುಗಿ ಹೇಳಿದ. ಒಂದು ಅಕ್ಷರ ಆಚೀಚೆ ಇಲ್ಲ. ಆಸ್ಪತ್ರೆ, ಹಾಸ್ಟೆಲ್ಲು, ಬೀಗ, ಮೆಟ್ಟಿಲು, ಅದೇ ಕ್ರಮದಲ್ಲಿ, ಅದೇ ಪದಗಳಲ್ಲಿ. ಆ ಕಡೆ ಜೋರಾಗಿ ಚಪ್ಪಾಳೆ.

"ನೋಡಿದ್ರಾ? ಕೇಳೋದು ಅಂದ್ರೆ ಇದು" ಎಂದಳು ಅಕ್ಕ. ಹೆಮ್ಮೆಗೆ ಅವಳ ದನಿ ಇನ್ನಷ್ಟು ಏರಿತ್ತು. ರೀಲನ್ನು ಅವನ ಕೈಗಿಟ್ಟು, "ಈಗ ನಿಮ್ಮ ಸರದಿ ರೀ" ಎಂದಳು.

"ನಂದೇನಿದೆ? ಎಲ್ಲಾ ಸರಿ ಇದೆ" ಎಂದು ಭಾವ ರೀಲನ್ನು ವಾಪಸ್ ಕೊಟ್ಟ.

ಎಲ್ಲರೂ ನಕ್ಕರು. ಅಕ್ಕನೂ ನಕ್ಕಳು. ಡ್ರೈವರನ ಹೆಂಡತಿ ಗಂಡನಿಗೆ, "ವೈರ್‌ಲೆಸ್ ಸಾಹೇಬರನ್ನ ನೋಡಿ ಕಲೀರಿ" ಎಂದಳು. ನಾನೂ ಈ ಕಡೆ ನಕ್ಕು ಮೆಷಿನ್ನು ತುಳಿದೆ. ಇಪ್ಪತ್ತು ವರ್ಷದಿಂದ ಆ ಮನುಷ್ಯನ ಹೊಟ್ಟೆಪಾಡೇ ಬಂದ ಸಂದೇಶವನ್ನು ಅಕ್ಷರ ಬಿಡದೆ ತಿರುಗಿ ಹೇಳುವುದು ಎಂಬುದು ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ವೈರ್‌ಲೆಸ್ಸಿನಲ್ಲಿ ತಿರುಗಿ ಹೇಳಿದರೆ ಸಂದೇಶ ತಲುಪಿತು ಎಂದಷ್ಟೇ ಅರ್ಥ. ಅದು ಎದೆಗೆ ಇಳಿಯಿತೇ, ಅದಕ್ಕೆ ಒಪ್ಪಿಗೆಯಿದೆಯೇ ಎಂದು ಆ ಸೆಟ್ಟು ಕೇಳುವುದಿಲ್ಲ. ಅವರ ಮಗಳಿಗೆ ಮಾತ್ರ ಅದು ಗೊತ್ತಿತ್ತೆಂದು ಕಾಣುತ್ತದೆ. "ಅಪ್ಪನ ಹತ್ರ ಮಾತಾಡೋದು ಬಾವಿಗೆ ಕೂಗಿದ ಹಾಗೆ, ನಮ್ಮ ದನೀನೇ ವಾಪಸ್ ಬರುತ್ತೆ" ಎಂದು ಅವಳು ಒಮ್ಮೆ ಅಂದದ್ದನ್ನು ಅಕ್ಕನೇ ನನಗೆ ತಮಾಷೆಯಾಗಿ ಹೇಳಿದ್ದಳು.

ಮುಂದಿನ ಶನಿವಾರ ಅಕ್ಕ ಆ ಕಡೆ ಪಾಠ ಹೇಳುತ್ತಿರುವಾಗ ಭಾವ ಎರಡು ಪ್ಯಾಂಟು ಹಿಡಿದು ನನ್ನ ಕೋಣೆಗೆ ಬಂದ. ಶಿಷ್ಯೆಯರಿಗೆ ಅಂದು ರಜೆ. ಟೇಪು ಹಿಡಿದು ಸೊಂಟದ ಅಳತೆ ತೆಗೆದೆ, ಪುಸ್ತಕ ತೆರೆದೆ. ಹೋದ ವರ್ಷ ಮೂವತ್ತಾರು ಇದ್ದದ್ದು ಈಗ ಮೂವತ್ತೆರಡೂವರೆ.

"ಮೂರೂವರೆ ಇಂಚು ಎಲ್ಲಿ ಬಿಟ್ಟು ಬಂದ್ರಿ ಭಾವ?"

"ಮೇಲೆ ಚಳಿ ಜಾಸ್ತಿ ಅಮ್ಮ. ಕರಗಿಹೋಯ್ತು."

ಚಳಿಗೆ ಯಾರಾದರೂ ಕರಗುತ್ತಾರೆಯೇ? ಗೇಲಿ ಮಾಡಲು ಬಾಯಿ ತೆರೆದವಳು ಅವನ ಮುಖ ನೋಡಿ ಅಳತೆ ಬರೆದುಕೊಂಡೆ. ಸ್ಟೂಲು ಎಳೆದು ಕೂತ. ನಾನು ಹೊಲಿಗೆ ಬಿಚ್ಚಿ ಮೆಷಿನ್ನಿಗೆ ಕೊಟ್ಟೆ. ಚಕ್ರ ತಿರುಗುವ ಸದ್ದಿಗೆ ಅವನ ಭುಜ ಸ್ವಲ್ಪ ಇಳಿದಂತೆ ಕಂಡಿತು.

"ನಿನ್ನ ಮೆಷಿನ್ ಒಳ್ಳೇದು. ತಿರುಗಿ ಹೇಳು ಅನ್ನಲ್ಲ" ಎಂದ.

ಆಮೇಲೆ, ನಾನು ಕೇಳದೆಯೇ, ಹೇಳತೊಡಗಿದ. ಹಿಂದಿನ ಚಳಿಗಾಲ ನಮ್ಮ ಪಡೆಯ ನಾಲ್ವರು ಹಿಮದಲ್ಲಿ ಸಿಕ್ಕಿ ಸತ್ತದ್ದು ಕ್ಯಾಂಪಿಗೆಲ್ಲ ಗೊತ್ತಿತ್ತು. ಅವತ್ತು ಸೆಟ್ಟಿನ ಮುಂದೆ ಕೂತಿದ್ದವನು ಭಾವ ಎಂಬುದು ಗೊತ್ತಿರಲಿಲ್ಲ. ಆ ಕಡೆ ಮಾತಾಡುತ್ತಿದ್ದವನು ಅವನ ಜೊತೆಯಲ್ಲೇ ಭರ್ತಿಯಾಗಿದ್ದ ಗೆಳೆಯ.

"ನಾಲ್ಕು ಜನ ಇದ್ದೇವೆ, ಒಬ್ಬನ ಕಾಲು ಮುರಿದಿದೆ, ಎರಡು ಗಂಟೆಗಿಂತ ಜಾಸ್ತಿ ತಡೆಯಲ್ಲ ಅಂದ. ನಾನು ತಿರುಗಿ ಹೇಳಿದೆ. ಅವ್ನು ಸರಿ ಅಂದ. ಹವಾಮಾನ ಕೆಟ್ಟಿತ್ತು, ಯಾರೂ ಹೋಗೋ ಹಾಗಿರಲಿಲ್ಲ. ಕಾಲು ಗಂಟೆಗೊಂದು ಸಲ ಅವ್ನು ಅದನ್ನೇ ಹೇಳೋದು, ನಾನು ಅದನ್ನೇ ತಿರುಗಿ ಹೇಳೋದು. ಹನ್ನೊಂದು ಸಲ. ಒಂದಕ್ಷರ ತಪ್ಪಲಿಲ್ಲಮ್ಮ ನಾನು."

ಮೆಷಿನ್ನಿನ ಮೇಲಿಂದ ನಾನು ಕಾಲು ತೆಗೆದಿದ್ದೆ. "ತುಳಿ, ತುಳಿ" ಎಂದ. ತುಳಿದೆ. ಪ್ಯಾಂಟು ಮಡಿಲಿಗೆ ಜಾರಿತ್ತು, ಬಟ್ಟೆಯಿಲ್ಲದೆ ಸೂಜಿ ಸುಮ್ಮನೆ ಏರಿ ಇಳಿಯುತ್ತಿತ್ತು.

"ಕೊನೇ ಸಲ ಅವ್ನು ಸಂದೇಶ ಹೇಳಲಿಲ್ಲ. 'ಬೇರೆ ಏನಾದ್ರೂ ಮಾತಾಡೋ' ಅಂದ. ನಾನು ಅದನ್ನೂ ತಿರುಗಿ ಹೇಳಿದೆ. ಬೇರೆ ಏನಾದ್ರೂ ಮಾತಾಡೋ. ಅವ್ನು ಸರಿ ಅನ್ನಲಿಲ್ಲ."

ಪ್ಲೈವುಡ್ಡಿನ ಆ ಕಡೆಯಿಂದ ಅಕ್ಕನ ದನಿ ಗಟ್ಟಿಯಾಗಿ ಕೇಳುತ್ತಿತ್ತು. "ಈಗ ತಿರುಗಿ ಹೇಳಿ! ಅವರು ಏನಂದ್ರು, ತಿರುಗಿ ಹೇಳಿ!"

ಭಾವ ಅಡ್ಡಗೋಡೆಯ ಕಡೆ ನೋಡಿದ. "ಅವಳು ಪ್ರತಿ ಸಲ ಹಾಗೆ ಅಂದಾಗ ಅವಳ ಮಾತು ನನ್ನ ಬಾಯಿಂದ ಬರುತ್ತೆ, ಕಿವೀಲಿ ಅವನ ದನಿ ಕೇಳುತ್ತೆ. ಅವಳು ಏನು ಹೇಳಿದ್ಲು ಅಂತಾನೇ ಗೊತ್ತಾಗಲ್ಲ."

"ಅಕ್ಕನಿಗೆ ಇದನ್ನ ಹೇಳಿ ಭಾವ."

"ಈ ಪಾಠ ಅಂದ್ರೆ ಅವಳಿಗೆ ಪ್ರಾಣ. ಮೊದಲನೇ ಸಲ ಅವಳದ್ದು ಅಂತ ಒಂದು ಕೆಲಸ ಸಿಕ್ಕಿದೆ. ನೀನೂ ಹೇಳಬೇಡ. ನಾನೇ ಯಾವತ್ತಾದ್ರೂ ಹೇಳ್ತೀನಿ. ಮಾತು ಕೊಡು."

ಕೊಟ್ಟೆ. ಯಾಕೆ ಕೊಟ್ಟೆ ಎಂದು ಈಗ ನನ್ನನ್ನೇ ಬೈದುಕೊಳ್ಳುತ್ತೇನೆ. ಊರಿನವರ ವಿಷಯವನ್ನೆಲ್ಲ ಬೇಡವೆಂದರೂ ಆಡುವ ಈ ನಾಲಿಗೆ, ಆಡಲೇಬೇಕಾದ ಒಂದು ಮಾತನ್ನು ಹಿಡಿದಿಟ್ಟುಕೊಂಡಿತು. ಅದರಲ್ಲಿ ಸ್ವಲ್ಪ ಜಂಬವೂ ಇತ್ತು, ಸುಳ್ಳು ಯಾಕೆ ಹೇಳಲಿ. ಮಾತಿನ ಪಾಠ ಹೇಳುವವಳಿಗೆ ಆಡದ ಮಾತನ್ನು ಅವಳ ಗಂಡ ನನಗೆ ಆಡಿದ್ದ. ಪ್ಯಾಂಟಿಗೆ ಇಸ್ತ್ರಿ ಹಾಕಿ ಕೊಟ್ಟೆ. ಆ ರಜೆ ಮುಗಿಸಿ ಅವನು ಹೋದ.

ಒಂದು ವರ್ಷ ಉರುಳಿತು. ಭಾವನ ಅವಧಿ ಮುಂದಿನ ಮಾರ್ಚಿಗೆ ಮುಗಿಯುವುದಿತ್ತು. ಅಷ್ಟರಲ್ಲಿ ಒಂದು ಕಾಗದ ಬಂತು: ಇಷ್ಟವಿದ್ದವರು ಇನ್ನೆರಡು ವರ್ಷ ಸೇವೆ ಮುಂದುವರಿಸಬಹುದು, ಸಹಿ ಹಾಕಿ ಕಳಿಸಬೇಕು. ಗಡಿಯಿಂದ ಭಾನುವಾರಕ್ಕೊಮ್ಮೆ ಹತ್ತು ನಿಮಿಷ ಫೋನು. ಅಕ್ಕ ಕೇಂದ್ರದ ವರಾಂಡದಲ್ಲೇ ನಿಂತು ಮಾತಾಡುವವಳು, ಅಲ್ಲಿ ಸಿಗ್ನಲ್ ಚೆನ್ನಾಗಿ ಸಿಗುತ್ತದೆ.

"ಸರಿಯಾಗಿ ಕೇಳಿಸ್ಕೊಳ್ಳಿ. ಆ ಕಾಗದಕ್ಕೆ ಸಹಿ ಹಾಕ್ಬೇಡಿ. ಮಾರ್ಚಿಗೆ ಮನೆಗೆ ಬಂದ್ಬಿಡಿ. ಸಾಕು ನಂಗೆ ಒಬ್ಬಳೇ ಇದ್ದು. ಈಗ ನಾನು ಏನಂದೆ, ತಿರುಗಿ ಹೇಳಿ."

ಆ ಕಡೆಯಿಂದ ಏನೋ ಬಂತು. ಅಕ್ಕನ ಮುಖ ಅರಳಿತು. ಫೋನಿಟ್ಟು ನನ್ನ ಕೋಣೆಗೆ ಬಂದು ಮೇಜಿನ ಮೇಲೇ ಕೂತಳು. "ಆಯ್ತು ಕಣೇ! ಸಹಿ ಹಾಕಲ್ಲ, ಮಾರ್ಚಿಗೆ ಬಂದ್ಬಿಡ್ತೀನಿ ಅಂದ್ರು."

"ಹಾಗೇ ಅಂದ್ರಾ?"

"ಅಕ್ಷರ ಅಕ್ಷರ ಹಾಗೇ. ಸಹಿ ಹಾಕಬೇಡಿ, ಮಾರ್ಚಿಗೆ ಮನೆಗೆ ಬಂದುಬಿಡಿ ಅಂತ."

ಅಕ್ಕ, ಅದು ಒಪ್ಪಿಗೆಯಲ್ಲ, ನಿನ್ನ ಮಾತೇ ನಿನಗೆ ವಾಪಸ್ ಬಂದಿದೆ ಎನ್ನಬೇಕೆಂದು ನಾಲಿಗೆ ತುದಿಗೆ ಬಂತು. ಅನ್ನಲು ಹೋದರೆ ಹೇಗೆ ಗೊತ್ತೆಂದು ಹೇಳಬೇಕಾಗುತ್ತಿತ್ತು. ನುಂಗಿಕೊಂಡೆ. ಅವಳು ಅವತ್ತೇ ಹೋಗಿ ಸುತ್ತಿಗೆ ಮತ್ತು ಒಂದು ಡಬ್ಬಿ ಮೊಳೆ ಕೊಂಡುತಂದು, ನನಗೆ ತೋರಿಸಿ, ಕ್ಯಾಂಪಿಗೆಲ್ಲ ಸುದ್ದಿ ಮಾಡಿದಳು.

ಡಿಸೆಂಬರಿನಲ್ಲಿ ಹೊಸ ತಂಡದ ನಾಲ್ಕನೇ ಶನಿವಾರ. ಡ್ರೈವರ್ ಮತ್ತು ಅವನ ಹೆಂಡತಿ ಎರಡನೇ ಬಾರಿಗೆ ಬಂದು ಸೇರಿದ್ದರು, ಫೇಲಾದ ಮಕ್ಕಳು ಅದೇ ತರಗತಿಗೆ ಬಂದು ಕೂರುವಂತೆ. ಯಥಾಪ್ರಕಾರ ಜಗಳ. ಅವಳು ರೀಲು ಹಿಡಿದು, "ನೀವು ನಿಜ ಹೇಳಿ. ನೀವೂ ವೈರ್‌ಲೆಸ್ ಸಾಹೇಬರ ಹಾಗೆ ಹೆಂಡತಿಗೆ ಹೇಳದೆ ಇನ್ನೆರಡು ವರ್ಷಕ್ಕೆ ಸಹಿ ಹಾಕಿ ಬಂದಿದೀರಾ?" ಎಂದುಬಿಟ್ಟಳು.

"ಏಯ್, ಅದನ್ನ ಯಾರಿಗೂ..." ಎಂದ ಡ್ರೈವರ್. ಅಲ್ಲಿಗೆ ನಿಂತ.

ನನ್ನ ಕೋಣೆಯಲ್ಲಿ ಮೆಷಿನ್ನುಗಳು ಒಂದೊಂದಾಗಿ ನಿಂತವು. ಅಕ್ಕ ಎಂದೂ ಇಲ್ಲದ ಮೆಲ್ಲನೆಯ ದನಿಯಲ್ಲಿ, "ಅವಳು ಹೇಳಿದ್ದನ್ನ ತಿರುಗಿ ಹೇಳಪ್ಪ" ಎಂದಳು. ಡ್ರೈವರ್ ಜೀವನದಲ್ಲಿ ಮೊದಲ ಸಲ ತಪ್ಪಿಲ್ಲದೆ ತಿರುಗಿ ಹೇಳಿದ. ಒಂದು ಅಕ್ಷರ ಬಿಡಲಿಲ್ಲ. ಮಿಕ್ಕ ಇಪ್ಪತ್ತು ನಿಮಿಷ ಅಕ್ಕ ಪಾಠ ನಡೆಸಿದಳು. ಕುರ್ಚಿಗಳನ್ನೂ ತಾನೇ ಮಡಚಿಟ್ಟಳು.

ದೀಪದ ಬುಡದಲ್ಲಿ ಕತ್ತಲೆ ಎಂದು ಹೆಂಗಸರು ಗುಸುಗುಸು ಮಾಡುತ್ತ ಹೊರಟರು. ಅವರ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಅರ್ಧ ಸಿಟ್ಟು ನನ್ನ ಮೇಲೆಯೇ ಇತ್ತು.

ಅಕ್ಕ ನನ್ನ ಕೋಣೆಗೆ ಬಂದು ಬಾಗಿಲು ಹಾಕಿದಳು. "ನಿಂಗೆ ಗೊತ್ತಿತ್ತಾ?"

"ಸಹಿ ವಿಷಯ ಗೊತ್ತಿರಲಿಲ್ಲ ಅಕ್ಕ."

"ಮತ್ತೆ ಯಾವ ವಿಷಯ ಗೊತ್ತಿತ್ತು?"

ಶಾಲೆಯಲ್ಲಿ ಪಾಠ ಹೇಳಿದವಳು, ಮುಖ ನೋಡಿದರೆ ಹಿಡಿಯುತ್ತಾಳೆ. ಎಲ್ಲ ಹೇಳಿದೆ. ಗೆಳೆಯ, ಹಿಮ, ಹನ್ನೊಂದು ಸಲ, ಕೊನೆಯ ಮಾತು. ಅವಳು ನಡುವೆ ಒಮ್ಮೆಯೂ ಬಾಯಿ ಹಾಕಲಿಲ್ಲ. ನಾನು ಮುಗಿಸಿದ ಮೇಲೆ ಇಸ್ತ್ರಿ ಮೇಜಿನ ಸುಟ್ಟ ಕಲೆಯನ್ನು ಉಗುರಿನಿಂದ ಕೆರೆದಳು.

"ಒಂದೂವರೆ ವರ್ಷ ಯಾಕೆ ಹೇಳಲಿಲ್ಲ?"

"ಮಾತು ಕೊಟ್ಟಿದ್ದೆ ಅಕ್ಕ."

"ನಿನ್ನ ಮಾತು ಉಳೀತಲ್ಲ, ಸಂತೋಷ" ಎಂದಳು. ಅವಳು ನನ್ನನ್ನು ಹೊಡೆದಿದ್ದರೆ ವಾಸಿಯಿತ್ತು.

ಎರಡು ವಾರ ನನ್ನ ಕಡೆ ತಿರುಗಿ ನೋಡಲಿಲ್ಲ. ಆಮೇಲೆ ತಾನಾಗಿ ಬಂದಳು, ಸಿಟ್ಟನ್ನು ಕಟ್ಟಿಡುವ ಗುಣ ಅವಳದಲ್ಲ. ಫೆಬ್ರವರಿಯಲ್ಲಿ ಭಾವ ಹತ್ತು ದಿನ ರಜೆಗೆ ಬರುತ್ತಿದ್ದ. ತಿಂಗಳ ಕೊನೆಯವರೆಗೂ ಸಹಿಯನ್ನು ಹಿಂತೆಗೆದುಕೊಳ್ಳಬಹುದೆಂದು ಕಚೇರಿಯಲ್ಲಿ ಕೇಳಿ ತಿಳಿದುಕೊಂಡಿದ್ದಳು. "ಅವರು ಒಂದ್ಸಲ ಬಾಯ್ಬಿಟ್ಟು ಹೇಳ್ಬಿಟ್ರೆ ಸಾಕು ಕಣೇ. ಆ ಭಾರ ಇಳಿದ್ರೆ ಮನೆಗೆ ಬರ್ತಾರೆ." ನಾನು ಅವಳ ಕೈ ಹಿಡಿದು ಕೇಳಿಕೊಂಡೆ, ನಿನಗೆ ಗೊತ್ತೆಂದು ತೋರಿಸಬೇಡ, ನಾನು ಹೇಳಿದೆನೆಂದು ತಿಳಿದರೆ ಅವನು ಇನ್ಯಾರ ಹತ್ತಿರವೂ ಬಾಯಿ ಬಿಡುವುದಿಲ್ಲ ಎಂದು. ಅವಳು ಒಪ್ಪಿದಳು. ಅವನಾಗಿ ಹೇಳುವವರೆಗೆ ಕಾಯುತ್ತೇನೆ ಎಂದಳು.

ಬಂದ ಎರಡನೇ ದಿನವೇ ಸಹಿಯ ವಿಷಯ ಎತ್ತಿದ್ದಳಂತೆ.

"ಫೋನಲ್ಲಿ ಒಪ್ಪಿಕೊಂಡಿದ್ರಲ್ಲ?"

"ಒಪ್ಪಿಕೊಳ್ಳಲಿಲ್ಲ. ತಿರುಗಿ ಹೇಳಿ ಅಂತ ನೀನಂದೆ, ನಾನು ಹೇಳಿದೆ."

"ಮನೆಗೆ ಬರೋಕೆ ಇಷ್ಟ ಇಲ್ವಾ?"

"ಇಷ್ಟ ಇದೆ. ಹೆದರಿಕೆ ಆಗುತ್ತೆ."

"ಯಾಕೆ?"

ಭಾವ ಎದ್ದುಹೋಗಿ ಅಡುಗೆಮನೆಯ ಸೋರುವ ನಲ್ಲಿ ಬಿಚ್ಚಿದನಂತೆ. ಆ ಹತ್ತು ದಿನದಲ್ಲಿ ನಲ್ಲಿ, ಸ್ಟೂಲಿನ ಕಾಲು, ಕಿಟಕಿಯ ಚಿಲಕ, ಪಕ್ಕದ ಮನೆಯವರ ಮಿಕ್ಸಿ, ಎಲ್ಲ ರಿಪೇರಿಯಾದವು. ಅಕ್ಕ ಒಂದು ಸಲವೂ ತಿರುಗಿ ಹೇಳಿ ಎನ್ನಲಿಲ್ಲ. ದನಿ ತಗ್ಗಿಸಿ ಮಾತಾಡಿದಳು. ದಿನಾ ಬೆಳಿಗ್ಗೆ ನನ್ನ ಬಾಗಿಲಲ್ಲಿ ನಿಂತು, "ನಿನ್ನೆಯೂ ಹೇಳಲಿಲ್ಲ ಕಣೇ" ಎಂದು ಹೋಗುತ್ತಿದ್ದಳು. ಪರೀಕ್ಷೆ ಬರೆದು ಫಲಿತಾಂಶಕ್ಕೆ ಕಾಯುವ ಹುಡುಗಿಯ ಮುಖವಾಗಿತ್ತು ಅವಳದು.

ಹತ್ತನೇ ದಿನ ಬಂತು. ಗಡಿಗೆ ಹೋಗುವ ಟ್ರಕ್ಕು ನಿಲ್ಲುವುದು ನನ್ನ ಕಿಟಕಿಯ ಎದುರಿಗೇ, ಅಲ್ಲೊಂದು ಸಿಮೆಂಟಿನ ಬೆಂಚಿದೆ. ಮಧ್ಯಾಹ್ನ ಮೂರರ ಸುಮಾರಿಗೆ ಇಬ್ಬರೂ ಬಂದು ಕೂತರು. ಟ್ರಕ್ಕು ಬರಲು ಇನ್ನೂ ಅರ್ಧ ಗಂಟೆ. ಇಪ್ಪತ್ತೊಂದು ವರ್ಷ ಮಾತಿನಲ್ಲೇ ಸಂಸಾರ ಮಾಡಿದ ಅಕ್ಕ ಅಷ್ಟು ಹೊತ್ತು ಬಾಯಿ ಮುಚ್ಚಿ ಕೂತದ್ದನ್ನು ನಾನು ಅವತ್ತೇ ಕಂಡದ್ದು. ಭಾವ ಬೂಟಿನ ತುದಿಯಿಂದ ನೆಲದ ಮೇಲೆ ಗೀಚುತ್ತಿದ್ದ. ನಾನು ಕಾಲರಿಗೆ ಹೊಲಿಗೆ ಹಾಕುತ್ತಿದ್ದೇನೆಂದು ನಟಿಸುತ್ತ ಅವರನ್ನೇ ನೋಡುತ್ತಿದ್ದೆ. ಕಾಲು ಗಂಟೆ ಕಳೆದಿರಬೇಕು. ಅವನು ಗೀಚುವುದನ್ನು ನಿಲ್ಲಿಸಿ ಅವಳ ಕಡೆ ತಿರುಗಿದ. ತುಟಿ ಅಲುಗಿತು. ಹೇಳುತ್ತಿದ್ದಾನೆ, ದೇವರೇ, ಹೇಳುತ್ತಿದ್ದಾನೆ ಎಂದುಕೊಂಡೆ.

ಆಮೇಲೆ ಅಕ್ಕ ಅವನ ಕೈ ಮೇಲೆ ಕೈಯಿಟ್ಟು ಏನೋ ಅಂದಳು. ಒಂದೇ ಕ್ಷಣ. ಭಾವ ಅವಳನ್ನು ನೋಡಿದ. ಅಲ್ಲಿಂದ ಕಣ್ಣೆತ್ತಿ ನೇರ ನನ್ನ ಕಿಟಕಿಯನ್ನು ನೋಡಿದ. ಆ ನೋಟದಲ್ಲಿ ಕೋಪವಿದ್ದಿದ್ದರೆ ನಾನು ಸಹಿಸಿಕೊಳ್ಳುತ್ತಿದ್ದೆ. ಗೊತ್ತಿಲ್ಲದ ಊರಿನ ಅಂಗಡಿಯ ಬೋರ್ಡು ಓದುವವನ ಹಾಗೆ ನೋಡಿದ. ಎದ್ದು ಚೀಲ ಹೆಗಲಿಗೇರಿಸಿ ನಿಂತ. ಟ್ರಕ್ಕು ಬರಲು ಇನ್ನೂ ಹತ್ತು ನಿಮಿಷವಿತ್ತು. ಆ ಹತ್ತು ನಿಮಿಷವೂ ನಿಂತೇ ಇದ್ದ.

ಸಹಿ ಹಿಂತೆಗೆಯಲಿಲ್ಲ. ಆ ಎರಡು ವರ್ಷ ಮುಗಿದ ಮೇಲೆ ಮತ್ತೆರಡಕ್ಕೆ ಸಹಿ ಬಿದ್ದಿದೆ. ಭಾನುವಾರ ತಪ್ಪದೆ ಫೋನು ಬರುತ್ತದೆ, ಎಲ್ಲಾ ಸರಿ ಇದೆ ಎನ್ನುತ್ತಾನೆ. ರಜೆಗೆ ಬಂದಾಗ ಬಟ್ಟೆ ಬಿಗಿ ಮಾಡಿಸಲು ನನ್ನ ಹತ್ತಿರ ಬರುವುದಿಲ್ಲ, ಪೇಟೆಯ ದರ್ಜಿಯ ಹತ್ತಿರ ಹೋಗುತ್ತಾನೆ. ಡ್ರೈವರನೂ ಅವನ ಹೆಂಡತಿಯೂ ಇವತ್ತಿಗೂ ಬೀದಿಗೆ ಕೇಳುವಂತೆ ಕಿತ್ತಾಡುತ್ತ, ಒಬ್ಬರ ಮಾತನ್ನೊಬ್ಬರು ಕತ್ತರಿಸುತ್ತ, ಸಂಜೆಯಾದರೆ ಒಟ್ಟಿಗೆ ಚಹಾ ಕುಡಿಯುತ್ತ ಕೂರುತ್ತಾರೆ. ಪಾಠವನ್ನು ಬೇರೆಯವರು ಬಂದು ಹೇಳುತ್ತಿದ್ದಾರೆ. ಪಾಠ ಕೆಟ್ಟದ್ದಲ್ಲ, ನೂರು ಮನೆಗೆ ಒಳ್ಳೆಯದೇ ಮಾಡಿದೆ, ಅದನ್ನು ನಾನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ.

ಬೆಂಚಿನ ಮೇಲೆ ಏನಾಯಿತೆಂದು ಅಕ್ಕ ನನಗೆ ಬಹಳ ದಿನ ಹೇಳಲಿಲ್ಲ. ಒಂದು ದಿನ ಸೀರೆಗೆ ಅಂಚು ಹೊಲಿಸಲು ಬಂದವಳು ತಾನಾಗಿ ಹೇಳಿದಳು.

"'ನಿಂಗೊಂದು ವಿಷಯ ಹೇಳ್ಬೇಕು, ಆ ಚಳಿಗಾಲ ನಾನು ಸೆಟ್ಟಲ್ಲಿದ್ದಾಗ...' ಅಂತ ಶುರು ಮಾಡಿದ್ರು. ಚೀಲದ ಪಟ್ಟೀನ ಬೆರಳಿಗೆ ಸುತ್ತಿ ಸುತ್ತಿ ಎಳೀತಿದ್ರು ಕಣೇ. ನೋಡೋಕಾಗಲಿಲ್ಲ ನಂಗೆ. 'ಗೊತ್ತು ರೀ, ಎಲ್ಲಾ ಗೊತ್ತು, ನೀವು ಕಷ್ಟಪಟ್ಟು ಹೇಳೋದು ಬೇಡ' ಅಂದ್ಬಿಟ್ಟೆ. ಪ್ರೀತಿಗೇ ಅಂದಿದ್ದು ಕಣೇ, ಇನ್ಯಾತಕ್ಕೂ ಅಲ್ಲ. 'ಹಾಗಾದ್ರೆ ಸರಿ' ಅಂದ್ರು. ಅಷ್ಟೇ."

ನಾನು ಮೆಷಿನ್ನಿನಿಂದ ಸೀರೆ ತೆಗೆದು ಮಡಚಿದೆ. ಅವಳು ಅದನ್ನು ಕೈಗೆ ತೆಗೆದುಕೊಂಡು ಬಾಗಿಲವರೆಗೆ ಹೋದಳು, ಅಲ್ಲೇ ನಿಂತಳು.

"ಇನ್ನೊಂದು ನಿಮಿಷ ಸುಮ್ಮನಿದ್ದಿದ್ರೆ ಸಾಕಿತ್ತು ಕಣೇ" ಎಂದಳು.